ಒಂದೇ ಗಾಡಿ, ಎರಡು ಚೀಟಿ: ಬೆಳಗಾವಿಯ ಇಂಜಿನಿಯರ್ ಒಬ್ಬರ ಪ್ರಕರಣ ಅಧ್ಯಯನ

ಬೆಳಗಾವಿಯ ಟಿಳಕವಾಡಿಯಲ್ಲಿ ಎಂಟು ಜನರ ಒಂದು ಸಾಫ್ಟ್‌ವೇರ್ ಕಂಪನಿ. ಸಕ್ಕರೆ ಕಾರ್ಖಾನೆಗಳ ಕಾಟಾ (ಗಾಡಿ ತೂಗುವ ವೇದಿಕೆ), ರೈತರ ಖಾತೆ, ಕಬ್ಬಿನ ಬಿಲ್ಲು ಇವೇ ಅದರ ಹೊಟ್ಟೆಪಾಡು. ವಿಟಿಯು ಬಿ.ಇ. ಮುಗಿಸಿ ಇಲ್ಲಿ ಸೇರಿದ ಇಂಜಿನಿಯರ್ ನಾಲ್ಕು ಹಂಗಾಮು ಕಳೆದ ಮೇಲೆ ಪುಣೆ, ಹುಬ್ಬಳ್ಳಿ, ಬೆಂಗಳೂರಿನ ಮೂರು ಕಂಪನಿಗಳಿಗೆ ಬ್ಯಾಕ್‌ಎಂಡ್ ಹುದ್ದೆಗೆ (ಸರ್ವರ್ ಕಡೆಯ ಪ್ರೋಗ್ರಾಮ್ ಬರೆಯುವ ಕೆಲಸ) ಸಂದರ್ಶನ ಕೊಟ್ಟರು. ಮೂರರಲ್ಲೂ ಎರಡನೇ ಸುತ್ತಿನಲ್ಲಿ ಮುಗ್ಗರಿಸಿದರು, ಅದೂ ಒಂದೇ ಪ್ರಶ್ನೆಗೆ. ಈ ಇಂಜಿನಿಯರ್ ಆಗಲಿ, ಕಂಪನಿ ಆಗಲಿ ನಿಜದ ಒಬ್ಬರ ಚಿತ್ರವಲ್ಲ. ಈ ಭಾಗದ ಸಣ್ಣ ಕಂಪನಿಗಳಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿಗಳನ್ನು ಒಂದೇ ಪ್ರಕರಣವಾಗಿ ಜೋಡಿಸಲಾಗಿದೆ. ಎಣಿಕೆಗಳೂ ಆ ಜೋಡಣೆಗೆ ಸೇರಿದವು.

ಪ್ರಶ್ನೆ ಇಷ್ಟೇ: "ಒಂದೇ ರಿಕ್ವೆಸ್ಟ್ ಎರಡು ಸಲ ಬಂದರೆ ನಿಮ್ಮ ಸರ್ವರ್ ಏನು ಮಾಡುತ್ತದೆ?" (ರಿಕ್ವೆಸ್ಟ್ ಅಂದರೆ ಸರ್ವರಿಗೆ ಬರುವ ಕೋರಿಕೆ.) ಮೊದಲ ಕಡೆ "ಬಟನ್ ಡಿಸೇಬಲ್ ಮಾಡ್ತೀವಿ" ಅಂದರು. ಎರಡನೇ ಕಡೆ "ಹಾಗೆ ಬರೋದಿಲ್ಲ" ಅಂದರು. ಮೂರನೇ ಕಡೆ, ಹಿಂದಿನ ವಾರ ನೋಡಿದ ವಿಡಿಯೋ ನೆನೆದು "ಕಾಫ್ಕಾ ಹಾಕಬೇಕು" ಅಂದರು; ಅದು ಭಾರಿ ದಟ್ಟಣೆಯ ಸಂದೇಶಗಳನ್ನು ಸಾಗಿಸುವ ದೊಡ್ಡ ವ್ಯವಸ್ಥೆ. ವಿಚಿತ್ರ ಅಂದರೆ, ಆ ಮೂರೂ ದಿನ ಮನೆಗೆ ಬಂದು ರಾತ್ರಿ ಹತ್ತಕ್ಕೆ ಲ್ಯಾಪ್‌ಟಾಪ್ ತೆಗೆದು ಮಾಡಿದ ಕೆಲಸ ಎರಡು ಸಲ ಏರಿದ ಚೀಟಿಗಳನ್ನು ಕೈಯಿಂದ ಅಳಿಸುವುದೇ ಆಗಿತ್ತು. ಪ್ರಶ್ನೆಯ ಉತ್ತರ ಬೆರಳ ತುದಿಯಲ್ಲಿತ್ತು. ಅದಕ್ಕೆ ಒಂದು ಹೆಸರಿದೆ, ಅದು ಇಂಜಿನಿಯರಿಂಗ್ ಕೆಲಸ ಅನ್ನುವುದು ಮಾತ್ರ ಗೊತ್ತಿರಲಿಲ್ಲ.

ಕಾಟಾದಲ್ಲಿ ಏನಾಗುತ್ತಿತ್ತು

ಕಬ್ಬು ತುಂಬಿದ ಗಾಡಿ ಕಾಟಾ ಏರುತ್ತದೆ, ಭರ್ತಿ ತೂಕ. ಕಬ್ಬು ಇಳಿಸಿ ಬಂದ ಮೇಲೆ ಖಾಲಿ ತೂಕ. ಎರಡರ ವ್ಯತ್ಯಾಸದ ಚೀಟಿ ರೈತನ ಕೈಗೆ. ತೂಕದ ಇಂಡಿಕೇಟರ್‌ನಿಂದ ಕಂಪ್ಯೂಟರಿಗೆ ಆರ್‌ಎಸ್-232 ಸೀರಿಯಲ್ ತಂತಿ, ವೇಗ 9600 ಬಾಡ್. ಇಂಡಿಕೇಟರ್ ಬಿಡುವಿಲ್ಲದೆ ಅಂಕಿ ಕಳಿಸುತ್ತಲೇ ಇರುತ್ತದೆ. ಟ್ರೇಲರ್ ಇನ್ನೂ ತೂಗಾಡುವಾಗ ಬಂದ ಅಂಕಿ ಹಿಡಿದರೆ ತೂಕ ತಪ್ಪುತ್ತದೆ, ಹಾಗಾಗಿ ಸತತ ಐದು ಅಂಕಿ ಒಂದೇ ಬಂದ ಮೇಲಷ್ಟೇ ಪ್ರೋಗ್ರಾಮ್ ತೂಕವನ್ನು ಸ್ವೀಕರಿಸುವಂತೆ ಬರೆಯಲಾಗಿತ್ತು. ಇಷ್ಟು ಸರಿಯಾಗಿಯೇ ಇತ್ತು.

ತೊಂದರೆ ಮುಂದಿನದು. ಚೀಟಿಯ ವಿವರ 4ಜಿ ಡಾಂಗಲ್ (ಕಂಪ್ಯೂಟರಿಗೆ ಸಿಕ್ಕಿಸುವ ಇಂಟರ್ನೆಟ್ ಸಾಧನ) ಮೂಲಕ ಬೆಳಗಾವಿಯ ಸರ್ವರಿಗೆ ಹೋಗಬೇಕು. ಕಾಟಾ ಮನೆಗೆ ತಗಡಿನ ಛಾವಣಿ, ರಾತ್ರಿ ಸಿಗ್ನಲ್ ಬಂದು ಹೋಗುತ್ತದೆ. ವಿವರ ಸರ್ವರಿಗೆ ಮುಟ್ಟುತ್ತಿತ್ತು, ಅಲ್ಲಿನ ಡೇಟಾಬೇಸ್ ಮೈಎಸ್‌ಕ್ಯೂಎಲ್‌ನಲ್ಲಿ ಸಾಲೂ ಕೂರುತ್ತಿತ್ತು. ಆದರೆ "ಆಯಿತು" ಅನ್ನುವ ಉತ್ತರ ಹಿಂದೆ ಬರುವ ದಾರಿಯಲ್ಲಿ ಕಳೆದುಹೋಗುತ್ತಿತ್ತು. 30 ಸೆಕೆಂಡ್ ಕಾದು ಪ್ರೋಗ್ರಾಮ್ ತಾನೇ ಮತ್ತೆ ಕಳಿಸುತ್ತಿತ್ತು. ಸರ್ವರಿಗೆ ಅದು ಹೊಸ ಚೀಟಿ. ಬಟನ್ ಡಿಸೇಬಲ್ ಮಾಡುವ ಉತ್ತರ ನಿಲ್ಲದಿರುವುದು ಇಲ್ಲಿಯೇ: ಎರಡನೇ ಸಲ ಒತ್ತಿದ್ದು ಮನುಷ್ಯನಲ್ಲ.

ಇದರ ಜೊತೆಗೆ ಇನ್ನೊಂದು. ಚೀಟಿ ನಂಬರನ್ನು ಸರ್ವರ್ ಕೊಡುತ್ತಿದ್ದದ್ದು "ಇದ್ದದ್ದರಲ್ಲಿ ದೊಡ್ಡ ನಂಬರ್ ನೋಡು, ಒಂದು ಕೂಡಿಸು" ಅನ್ನುವ ಲೆಕ್ಕದಲ್ಲಿ. ಎರಡು ಕಾಟಾ ಒಂದೇ ಗಳಿಗೆಗೆ ಕೇಳಿದರೆ ಎರಡೂ 4516 ನೋಡಿ ಎರಡೂ 4517 ಬರೆಯುತ್ತವೆ. ಇದಕ್ಕೆ ರೇಸ್ ಕಂಡೀಷನ್ ಅಂತಾರೆ. ಕಂಪನಿಯಲ್ಲಿ ಅದಕ್ಕೆ "ಎರಡನೇ ಕಾಟಾದ ಪ್ರಾಬ್ಲಮ್" ಅಂತ ಹೆಸರಿತ್ತು.

18.46 ಟನ್ನಿನ ಒಂದು ಟ್ರ್ಯಾಕ್ಟರ್ ಎರಡು ಸಲ ಏರಿದರೆ, ಟನ್ನಿಗೆ ರೂ. 3,000 ಹಿಡಿದರೂ ರೂ. 55,380 ಹೆಚ್ಚಿನ ಬಿಲ್ಲು. ಅದಕ್ಕೆಂದೇ ರಾತ್ರಿಯ ಅಳಿಕೆ: ಅದೇ ರೈತ, ಅದೇ ಗಾಡಿ, ಅದೇ ತೂಕ, ಹತ್ತು ನಿಮಿಷದೊಳಗೆ ಎರಡು ಸಾಲಿದ್ದರೆ ಒಂದನ್ನು ತೆಗೆ. ದಿನಕ್ಕೆ ನಾಲ್ಕೈದು. ಟ್ರ್ಯಾಕ್ಟರಿಗೆ ಈ ನಿಯಮ ನಡೆಯಿತು. ಚಕ್ಕಡಿಗೆ (ಎತ್ತಿನ ಗಾಡಿ) ನಡೆಯಲಿಲ್ಲ. ಚಕ್ಕಡಿಗೆ ಆರ್‌ಟಿಒ ನಂಬರ್ ಇರುವುದಿಲ್ಲ, ಕಾಟಾ ಗುಮಾಸ್ತ ಎಲ್ಲಕ್ಕೂ "ಚಕ್ಕಡಿ" ಅಂತಲೇ ಹಾಕುತ್ತಿದ್ದ. ಕಾಟಾ ಅಳೆಯುವುದು 10 ಕಿಲೋ ಮೆಟ್ಟಿಲಲ್ಲಿ. ಒಬ್ಬನೇ ರೈತನ ಎರಡು ಚಕ್ಕಡಿ ಒಂದರ ಹಿಂದೊಂದು ಬಂದು ಎರಡೂ 1.87 ಟನ್ ತೂಗಿದವು. ರಾತ್ರಿ ಒಂದು ಅಳಿಯಿತು. ಬಿಲ್ಲು ಬಂದ ಮೇಲೆ ರೈತ ಎರಡೂ ಚೀಟಿ ಮೇಜಿನ ಮೇಲೆ ಇಟ್ಟ: "ಎರಡೂ ನನ್ನವ ಅದಾವ್ರಿ ಸಾಹೇಬ್ರ. ಬಿಲ್ಲಿನ್ಯಾಗ ಒಂದ ಗಾಡಿ ಐತಿ." ರೂ. 5,610 ಕಡಿಮೆ ಬಿದ್ದಿತ್ತು. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದಲ್ಲಿ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ. 15 ಬಡ್ಡಿ. ಹಾಗಾಗಿ ಇದು "ಮುಂದಿನ ಬಿಲ್ಲಿಗೆ ಹಾಕೋಣ" ಅಂದು ಬಿಡುವ ಮಾತಾಗಿರಲಿಲ್ಲ.

ದುರಸ್ತಿ, ಮತ್ತು ದುರಸ್ತಿಯಲ್ಲಿ ಆದ ತಪ್ಪು

ಮೊದಲು ಲೆಕ್ಕ. ದಿನಕ್ಕೆ ಸುಮಾರು 600 ಚೀಟಿ, ಭರ್ತಿ ಮತ್ತು ಖಾಲಿ ಸೇರಿ 1,200 ರಿಕ್ವೆಸ್ಟ್. ದಿನಕ್ಕೆ 1,440 ನಿಮಿಷ. ಅಂದರೆ ನಿಮಿಷಕ್ಕೆ ಒಂದೂ ಇಲ್ಲ. ಇದಕ್ಕೆ ಕಾಫ್ಕಾ ಅನ್ನುವುದು ಕುರಿ ಸಾಗಿಸಲು ಗೂಡ್ಸ್ ರೈಲು ಕೇಳಿದಂತೆ. ಸಂದರ್ಶನದಲ್ಲಿ ಈ ಮೂರು ಸಾಲಿನ ಗುಣಾಕಾರ ಹೇಳಿದ್ದರೆ ಕಾಫ್ಕಾದ ಹೆಸರಿಗಿಂತ ಹೆಚ್ಚು ಬೆಲೆ ಸಿಗುತ್ತಿತ್ತು. ಇಲ್ಲಿ ಕಷ್ಟ ಇರುವುದು ದಟ್ಟಣೆಯಲ್ಲಲ್ಲ, ನಂಬಲಾಗದ ನೆಟ್‌ವರ್ಕ್‌ನಲ್ಲಿ. ಬೇಕಾದ ಗುಣ ಐಡೆಂಪೊಟೆನ್ಸಿ: ಒಂದೇ ಕೋರಿಕೆ ಎಷ್ಟು ಸಲ ಬಂದರೂ ಪರಿಣಾಮ ಒಂದೇ ಸಲ ಆಗಬೇಕು.

ಮಾಡಿದ್ದು ಹೀಗೆ. ಖಾಲಿ ತೂಕ ಹಿಡಿದ ಗಳಿಗೆಗೇ ಕಾಟಾ ಕಂಪ್ಯೂಟರ್ 36 ಅಕ್ಷರದ ಒಂದು ಯುಯುಐಡಿ, ಅಂದರೆ ಬೇರೆ ಯಾವುದಕ್ಕೂ ಬರದಂಥ ಗುರುತು, ಹುಟ್ಟಿಸುತ್ತದೆ. ಚೀಟಿಯ ವಿವರ, ಆ ಯುಯುಐಡಿ, "ಕಳಿಸಿಲ್ಲ" ಅನ್ನುವ ಗುರುತು, ಈ ಮೂರೂ ಮೊದಲು ಅಲ್ಲೇ ಇರುವ ಎಸ್‌ಕ್ಯೂಲೈಟ್ (ಪುಟ್ಟ ಡೇಟಾಬೇಸ್) ಫೈಲಿಗೆ ಹೋಗುತ್ತವೆ. ಚೀಟಿ ಮುದ್ರಣ ಆಮೇಲೆ. ಕಳಿಸುವ ಕೆಲಸ ಬೇರೆ, ಹಿನ್ನೆಲೆಯಲ್ಲಿ ನಡೆಯುತ್ತದೆ: ಉತ್ತರ ಬರದಿದ್ದರೆ 2, 4, 8, 16 ಸೆಕೆಂಡ್ ಹೀಗೆ ದುಪ್ಪಟ್ಟು ಕಾದು, 60ಕ್ಕೆ ಮುಟ್ಟಿದ ಮೇಲೆ ಅಷ್ಟರಲ್ಲೇ ನಿಂತು ಮತ್ತೆ ಮತ್ತೆ ಕಳಿಸುತ್ತದೆ. ಸರ್ವರ್ ಕಡೆ ಯುಯುಐಡಿ ಕಾಲಮ್ಮಿಗೆ ಯುನಿಕ್ ಕೀ, ಅಂದರೆ ಒಂದೇ ಯುಯುಐಡಿ ಎರಡು ಸಾಲಿಗೆ ಕೂರಲು ಬಿಡದ ಕಟ್ಟು. ಅದೇ ಯುಯುಐಡಿ ಮತ್ತೆ ಬಂದರೆ ಎರರ್ ಕೊಡದೆ, ಮೊದಲು ಕೂತ ಚೀಟಿಯ ನಂಬರನ್ನೇ ಅದೇ 200 ("ಆಯಿತು") ಉತ್ತರದೊಂದಿಗೆ ಹಿಂದಿರುಗಿಸುತ್ತದೆ. ಎರರ್ ಕೊಟ್ಟರೆ ಕಾಟಾ ಪ್ರೋಗ್ರಾಮ್ ಕೊನೆಯಿಲ್ಲದೆ ಕಳಿಸುತ್ತಲೇ ಇರುತ್ತದೆ.

ಮೊದಲ ಸಲ ಬಿಟ್ಟಾಗ ಎರಡೆರಡು ಚೀಟಿ ಬರುವುದು ನಿಲ್ಲಲೇ ಇಲ್ಲ. ಕಾರಣ ಹುಡುಕಲು ಎರಡು ದಿನ ಹಿಡಿಯಿತು: ಯುಯುಐಡಿ ಹುಟ್ಟಿಸುವ ಸಾಲನ್ನು ಕಳಿಸುವ ಫಂಕ್ಷನ್ ಒಳಗೆ ಬರೆದಿದ್ದರು. ಪ್ರತಿ ಮರುಪ್ರಯತ್ನಕ್ಕೂ ಹೊಸ ಯುಯುಐಡಿ, ಸರ್ವರಿಗೆ ಪ್ರತಿಯೊಂದೂ ಹೊಸ ಗಾಡಿ. ಕೀ ಹುಟ್ಟಬೇಕಾದ್ದು ತೂಕ ಹಿಡಿದಾಗ, ಕಳಿಸುವಾಗ ಅಲ್ಲ. ಒಂದು ಸಾಲು ಹನ್ನೆರಡು ಸಾಲು ಮೇಲೆ ಹೋದದ್ದಷ್ಟೇ ಬದಲಾವಣೆ.

ಎರಡನೇ ತಪ್ಪು, "ಮೊದಲು ಇದೆಯೋ ನೋಡು, ಇಲ್ಲದಿದ್ದರೆ ಹಾಕು" ಅಂತ ಬರೆದದ್ದು. ಎರಡು ಪ್ರತಿ ಒಟ್ಟಿಗೆ ಬಂದರೆ ಎರಡೂ "ಇಲ್ಲ" ಅನ್ನುವುದನ್ನೇ ನೋಡುತ್ತವೆ. ಯುನಿಕ್ ಕೀ ಇದ್ದುದರಿಂದ ಸಾಲು ಎರಡಾಗಲಿಲ್ಲ, ಆದರೆ ಎರಡನೆಯದಕ್ಕೆ 500 ಎರರ್ (ಸರ್ವರ್ ಒಳಗಿನ ದೋಷ) ಹೋಯಿತು. ಸರಿಯಾದ ಕ್ರಮ ಉಲ್ಟಾ: ನೇರ ಇನ್ಸರ್ಟ್ ಮಾಡು (ಸಾಲು ಸೇರಿಸು), ಡೂಪ್ಲಿಕೇಟ್ ಕೀ ಎರರ್ ಬಂದರೆ ಹಿಡಿದು ಹಳೆಯ ಸಾಲು ಓದು. ಸಹೋದ್ಯೋಗಿಯೊಬ್ಬರು ಇನ್ಸರ್ಟ್ ಇಗ್ನೋರ್ ಅನ್ನುವ ಮೈಎಸ್‌ಕ್ಯೂಎಲ್ ಆದೇಶ ಸೂಚಿಸಿದರು. ಅದು ಡೂಪ್ಲಿಕೇಟ್ ಜೊತೆಗೆ ಬೇರೆ ದೋಷಗಳನ್ನೂ ಬರೀ ಎಚ್ಚರಿಕೆಯಾಗಿಸಿ ನುಂಗಿಬಿಡುತ್ತದೆ. ಉದ್ದ ಮೀರಿದ ಹೆಸರು ಸದ್ದಿಲ್ಲದೆ ತುಂಡಾಗುತ್ತದೆ. ಹಣದ ಕೋಷ್ಟಕದಲ್ಲಿ ಬೇಡ.

ಚೀಟಿ ನಂಬರಿಗೆ ಆಟೋ ಇನ್‌ಕ್ರಿಮೆಂಟ್ (ಡೇಟಾಬೇಸ್ ತಾನೇ ಮುಂದಿನ ನಂಬರ್ ಕೊಡುವುದು) ಬಳಸುವ ವಿಚಾರವೂ ಬಂತು. ಮೈಎಸ್‌ಕ್ಯೂಎಲ್ ಕೋಷ್ಟಕ ಇಡುವ ಇನ್ನೋಡಿಬಿಯಲ್ಲಿ ವಿಫಲವಾದ ಇನ್ಸರ್ಟ್ ಕೂಡ ಒಂದು ನಂಬರ್ ತಿಂದು ಹೋಗುತ್ತದೆ. ನಂಬರುಗಳ ನಡುವೆ ಕಿಂಡಿ ಬಿದ್ದರೆ ಲೆಕ್ಕ ತಪಾಸಣೆಯವರು "ನಡುವಿನ ಚೀಟಿ ಎಲ್ಲಿ?" ಅಂತ ಕೇಳುತ್ತಾರೆ. ಹಾಗಾಗಿ ಪ್ರತಿ ಕಾಟಾಕ್ಕೂ ತನ್ನದೇ ಎಣಿಕೆ, ಮುಂದೆ ಕಾಟಾದ ಗುರುತು: ಕಾ2-4517. ಎರಡು ಕಾಟಾ ಜಗಳವಾಡುವ ಪ್ರಶ್ನೆಯೇ ಉಳಿಯಲಿಲ್ಲ, ನೆಟ್‌ವರ್ಕ್ ಇಲ್ಲದಾಗಲೂ ಚೀಟಿ ಮುದ್ರಿಸಬಹುದು.

ನಾಲ್ಕು ಹಂಗಾಮಿನ 3.6 ಲಕ್ಷ ಹಳೆಯ ಸಾಲುಗಳಿಗೆ ಯುಯುಐಡಿ ಇಲ್ಲ. ಅವಕ್ಕೆ ನಲ್ (ಖಾಲಿ) ಬಿಟ್ಟರು. ಮೈಎಸ್‌ಕ್ಯೂಎಲ್ ಯುನಿಕ್ ಕೀ ಎಷ್ಟು ನಲ್ ಇದ್ದರೂ ತಕರಾರು ಮಾಡುವುದಿಲ್ಲ. ಅವರಲ್ಲಿದ್ದ 5.7 ಆವೃತ್ತಿಯಲ್ಲಿ ಕಾಲಮ್ ಸೇರಿಸಿದರೆ ಇಡೀ ಕೋಷ್ಟಕ ಮರುಕಟ್ಟಲ್ಪಡುತ್ತದೆ, ಅದಕ್ಕೆ ಮೊದಲು ನಕಲಿನ ಮೇಲೆ ಓಡಿಸಿ ಸಮಯ ಅಳೆದರು. ನಿಜದ ಬದಲಾವಣೆಗೆ ಮಿಲ್ ಸ್ವಚ್ಛತೆಗೆ ನಿಲ್ಲುವ ದಿನ ಆರಿಸಿಕೊಂಡರು.

ಪರೀಕ್ಷೆ ಮೂರು, ಮೂರೂ ಖರ್ಚಿಲ್ಲದವು. ಪರೀಕ್ಷಾ ಸರ್ವರ್‌ನಲ್ಲಿ ಕಮಿಟ್ ಆದ (ಸಾಲು ಖಾಯಂ ಕೂತ) ಮೇಲೆ, ಉತ್ತರ ಕೊಡುವ ಮುಂಚೆ, 40 ಸೆಕೆಂಡ್ ಸ್ಲೀಪ್ (ಸುಮ್ಮನೆ ಕಾಯುವಿಕೆ) ಹಾಕುವುದು. ಕಾಟಾ 30ಕ್ಕೆ ಕೈಬಿಟ್ಟು ಮತ್ತೆ ಕಳಿಸಲೇಬೇಕು. ಕಳಿಸುವಾಗ ಡಾಂಗಲ್ ಕೀಳುವುದು. ಎಸ್‌ಕ್ಯೂಲೈಟ್‌ಗೆ ಬರೆದ ಮೇಲೆ, ಕಳಿಸುವ ಮುಂಚೆ, ಟಾಸ್ಕ್ ಮ್ಯಾನೇಜರ್‌ನಿಂದ ಪ್ರೋಗ್ರಾಮ್ ಕೊಂದು ಮತ್ತೆ ತೆರೆಯುವುದು. ಮೂರರಲ್ಲೂ ಸರ್ವರ್‌ನಲ್ಲಿ ಒಂದೇ ಸಾಲು ಇರಬೇಕು.

ಬಿಲ್ಲಿನ 27 ನಿಮಿಷ

ಹದಿನೈದು ದಿನಕ್ಕೊಮ್ಮೆ ಓಡುವ ಬಿಲ್ಲು 27 ನಿಮಿಷ ತೆಗೆದುಕೊಳ್ಳುತ್ತಿತ್ತು. "ಸರ್ವರ್ ಹಳೇದು" ಅನ್ನುವ ವಿವರಣೆಗೆ ಎಲ್ಲರೂ ಒಗ್ಗಿದ್ದರು. ಡೇಟಾಬೇಸ್ ಹೇಗೆ ಹುಡುಕುತ್ತದೆ ಅಂತ ತೋರಿಸುವ ಎಕ್ಸ್‌ಪ್ಲೇನ್ ಹಾಕಿ ನೋಡಿದರೆ ಟೈಪ್ ಕಾಲಮ್ಮಿನಲ್ಲಿ "ಆಲ್", ಅಂದರೆ ಇಡೀ ಕೋಷ್ಟಕ ಓದುತ್ತಿದೆ. ಒಮ್ಮೆ ಓದಲು 0.2 ಸೆಕೆಂಡ್, ಆದರೆ ಕೋಡ್ 8,000 ರೈತರಿಗೆ ಒಬ್ಬೊಬ್ಬರಿಗೂ ಒಂದೊಂದು ಕ್ವೆರಿ (ಡೇಟಾಬೇಸಿಗೆ ಪ್ರಶ್ನೆ) ಕಳಿಸುತ್ತಿತ್ತು. 8,000 ಗುಣಿಸು 0.2, 1,600 ಸೆಕೆಂಡ್. ಸರ್ವರ್ ಬಡಪಾಯಿಯ ತಪ್ಪೇನೂ ಇರಲಿಲ್ಲ.

ಇಂಡೆಕ್ಸ್ (ಬೇಗ ಹುಡುಕಲು ಇಡುವ ಸೂಚಿ) ಇದ್ದೂ ಬಳಕೆಯಾಗದಿರಲು ಎರಡು ಕಾರಣ. ರೈತರ ಕೋಡ್ ವಾರ್‌ಚಾರ್ (ಅಕ್ಷರ ಇಡುವ) ಕಾಲಮ್, ಕ್ವೆರಿಯಲ್ಲಿ ಉದ್ಧರಣ ಚಿಹ್ನೆ ಇಲ್ಲದ ಬರಿ ಅಂಕಿ. ಹೋಲಿಸಲು ಮೈಎಸ್‌ಕ್ಯೂಎಲ್ ಪ್ರತಿ ಸಾಲನ್ನೂ ಅಂಕಿಗೆ ತಿರುಗಿಸುತ್ತದೆ, ಇಂಡೆಕ್ಸ್ ಕೆಲಸಕ್ಕೆ ಬರುವುದಿಲ್ಲ. ದಿನಾಂಕದ ಷರತ್ತಿನಲ್ಲಿ ಕಾಲಮ್ಮಿಗೇ ಡೇಟ್ ಫಂಕ್ಷನ್ ಸುತ್ತಿದ್ದರು. ಅಲ್ಲೂ ಅದೇ ಕಥೆ. "ಈ ದಿನದ ಸೊನ್ನೆ ಗಂಟೆಗೆ ಸಮ ಅಥವಾ ಹೆಚ್ಚು, ಆ ದಿನದ ಸೊನ್ನೆ ಗಂಟೆಗಿಂತ ಕಡಿಮೆ" ಅಂತ ಬಿಡಿಸಿ ಬರೆದು, ರೈತರ ಕೋಡ್ ಮತ್ತು ತೂಕದ ಸಮಯ ಎರಡನ್ನೂ ಸೇರಿಸಿದ ಒಂದು ಇಂಡೆಕ್ಸ್ ಹಾಕಿ, ಕೊನೆಗೆ ಲೂಪನ್ನೇ ಕಿತ್ತು ಎಲ್ಲ ರೈತರ ಮೊತ್ತ ಒಟ್ಟಿಗೆ ಕೊಡುವ ಒಂದು ಗ್ರೂಪ್ ಬೈ ಕ್ವೆರಿ ಮಾಡಿದ ಮೇಲೆ ಬಿಲ್ಲು ಕೆಲವೇ ಸೆಕೆಂಡಿಗೆ ಇಳಿಯಿತು. ದಾರಿಯಲ್ಲೇ ಮೊತ್ತದ ಕಾಲಮ್ ಫ್ಲೋಟ್ (ಅಂದಾಜಿನ ದಶಾಂಶ) ಇದ್ದದ್ದು ಕಂಡು ಡೆಸಿಮಲ್‌ಗೆ (ನಿಖರ ದಶಾಂಶ) ಬದಲಾಯಿಸಿದರು. ಪೈಸೆಗಳ ಚಿಲ್ಲರೆ ವ್ಯತ್ಯಾಸ ಎಲ್ಲಿಂದ ಬರುತ್ತಿತ್ತು ಅನ್ನುವುದು ಲೆಕ್ಕಪತ್ರದವರಿಗೆ ಆಗ ತಿಳಿಯಿತು.

ರೆಸ್ಯೂಮೆಯಲ್ಲಿ ಇಲ್ಲದ್ದು

ಹಳೆಯ ರೆಸ್ಯೂಮೆಯಲ್ಲಿ ನಾಲ್ಕು ವರ್ಷಕ್ಕೆ ಇದ್ದದ್ದು ಒಂದು ಸಾಲು: "ಕಬ್ಬಿನ ಬಿಲ್ಲಿಂಗ್ ಸಾಫ್ಟ್‌ವೇರ್ ನಿರ್ವಹಣೆ, ಪಿಎಚ್‌ಪಿ, ಮೈಎಸ್‌ಕ್ಯೂಎಲ್." ಅದರ ಕೆಳಗೆ ಆರು ಆನ್‌ಲೈನ್ ಸರ್ಟಿಫಿಕೇಟ್. ಓದುವವರಿಗೆ ಕಾಣುವುದು ಸರ್ಟಿಫಿಕೇಟ್ ಮಾತ್ರ, ಮತ್ತು ಅಂಥವು ಎಲ್ಲರ ಹತ್ತಿರವೂ ಇರುತ್ತವೆ.

ಪೂರ್ತಿ ಬಿಟ್ಟುಹೋದ ಒಂದು ಕೆಲಸವನ್ನು ಇಲ್ಲಿ ಹೇಳಲೇಬೇಕು. ರೈತರ ಹೆಸರು, ಊರು ಹಳೆಯ ನುಡಿ ಫಾಂಟಿನಲ್ಲಿದ್ದವು. ಎಸ್‌ಎಂಎಸ್ ಕಳಿಸಲು ಯುನಿಕೋಡ್ (ಎಲ್ಲ ಭಾಷೆಯ ಅಕ್ಷರಗಳಿಗೆ ಇರುವ ಏಕರೂಪ ಸಂಕೇತ) ಬೇಕು. ಕೋಷ್ಟಕ ಇಟ್ಟುಕೊಂಡು ಅಕ್ಷರಕ್ಕೆ ಅಕ್ಷರ ಬದಲಿಸಿದರೆ ಆಗುವುದಿಲ್ಲ. ಹಳೆಯ ಫಾಂಟಿನಲ್ಲಿ ಅಕ್ಷರ ಕೂರುವುದು ಕಣ್ಣಿಗೆ ಕಾಣುವ ಕ್ರಮದಲ್ಲಿ, ಯುನಿಕೋಡ್‌ನಲ್ಲಿ ಉಚ್ಚಾರದ ಕ್ರಮದಲ್ಲಿ. "ರಾಮದುರ್ಗ"ದಲ್ಲಿ ಅರ್ಕಾವತ್ತು ಹಳೆಯ ಫಾಂಟಿನಲ್ಲಿ ಗ ಆದ ಮೇಲೆ ಇರುತ್ತದೆ. ಯುನಿಕೋಡ್‌ನಲ್ಲಿ ಅದು ಅರ್ಧ ರಕಾರವಾಗಿ ಗಕ್ಕಿಂತ ಮೊದಲೇ ಬರಬೇಕು. "ಕಿತ್ತೂರು" ಬರೆದಾಗ ಅಲ್ಲಿ ಮೊದಲು ತೂ, ಆಮೇಲೆ ತ ಒತ್ತು; ಇಲ್ಲಿ ಒತ್ತು ಮೊದಲು, ದೀರ್ಘ ಕೊನೆಗೆ. ಇನ್ನೂ ತಮಾಷೆ, ಅಲ್ಲಿ "ಮ" ಅನ್ನುವುದೇ ವ ಆಕಾರಕ್ಕೆ ಕೊಂಬು ಹಚ್ಚಿ ಮಾಡಿದ್ದು. ಉದ್ದದ ಜೋಡಣೆಯನ್ನು ಮೊದಲು ಹುಡುಕದೆ ತುಂಡು ತುಂಡಾಗಿ ಬದಲಿಸಿದರೆ ರಾಮಪ್ಪ ಹೋಗಿ ರಾವುಪ್ಪ ಆಗುತ್ತಾನೆ. ಬ್ಯಾಂಕ್ ಖಾತೆಯ ಹೆಸರಿಗೆ ರಾವುಪ್ಪ ತಾಳೆಯಾಗುವುದಿಲ್ಲ. ಎಸ್‌ಎಂಎಸ್ ಲೆಕ್ಕ ಬೇರೆ: ಇಂಗ್ಲಿಷಿನಲ್ಲಿ ಒಂದು ಸಂದೇಶಕ್ಕೆ 160 ಅಕ್ಷರ, ಕನ್ನಡದಲ್ಲಿ 70, ಅದನ್ನೂ ಮೀರಿ ಎರಡಾದರೆ ಒಂದೊಂದರಲ್ಲಿ 67. ಒತ್ತು, ಕಾಗುಣಿತದ ಗುರುತು ಎಲ್ಲವೂ ಪ್ರತ್ಯೇಕ ಎಣಿಕೆ. "ತ್ತೂ" ಒಂದೇ ಅಕ್ಷರದಂತೆ ಕಂಡರೂ ನಾಲ್ಕು. ಇದನ್ನೆಲ್ಲ ಬಗೆಹರಿಸಿದವರು ಅದನ್ನು ರೆಸ್ಯೂಮೆಯಲ್ಲಿ ಹಾಕದೆ "ಎಂಎಸ್ ಆಫೀಸ್ ಗೊತ್ತು" ಅಂತ ಹಾಕಿದ್ದರು.

ಹೊಸ ರೆಸ್ಯೂಮೆಗೆ ಅಂಕಿ ಬೇಕಾಯಿತು. ದುರಸ್ತಿಗೆ ಮುಂಚೆ ಯಾರೂ ಅಳೆದಿರಲಿಲ್ಲ. ಪ್ರತಿ ರಾತ್ರಿ ಅಳಿಸಿದ ಮೇಲೆ ಲೆಕ್ಕಪತ್ರದವರಿಗೆ ಕಳಿಸಿದ ವಾಟ್ಸಾಪ್ ಸಂದೇಶಗಳನ್ನು ಹಿಂದಿನಿಂದ ಎಣಿಸಿದರು: ಒಂದು ಹಂಗಾಮಿಗೆ 640 ಅಳಿಕೆ. ದುರಸ್ತಿ ನಂತರದ ಹಂಗಾಮಿನಲ್ಲಿ ಕೈಯಿಂದ ಅಳಿಸಿದ್ದು ಒಂದೂ ಇಲ್ಲ, ಸರ್ವರ್ ಲಾಗ್ ಪ್ರಕಾರ ಗುರುತಿಸಿ ಹಳೆಯ ನಂಬರನ್ನೇ ಕೊಟ್ಟ ಮರುಪ್ರಯತ್ನ 571. ಈ ಎರಡನೇ ಅಂಕಿಯೇ ಹೆಚ್ಚು ಬೆಲೆಬಾಳುವಂಥದ್ದು. ನೆಟ್‌ವರ್ಕ್ ಸುಧಾರಿಸಿಲ್ಲ, ಕೋಡ್ ತಡೆದುಕೊಂಡಿದೆ ಅನ್ನುವುದಕ್ಕೆ ಅದೇ ಸಾಕ್ಷಿ.

ಕಂಪನಿಯ ಕೋಡ್ ಆಗಲಿ, ರೈತರ ವಿವರ ಆಗಲಿ ಹೊರಗೆ ತೋರಿಸುವಂತಿಲ್ಲ. ಅದಕ್ಕೆ ಹಂಗಾಮು ಮುಗಿದ ಏಪ್ರಿಲ್‌ನಿಂದ ಬೆಳಿಗ್ಗೆ ಒಂದೂವರೆ ಗಂಟೆ ಹಿಡಿದು, ಸುಳ್ಳು ಹೆಸರಿನ 3 ಲಕ್ಷ ಸಾಲು ಹುಟ್ಟಿಸುವ ಪುಟ್ಟ ಮಾದರಿಯನ್ನು ಹೊಸದಾಗಿ ಬರೆದರು: ಯಾವ ಕಂಪ್ಯೂಟರಿನಲ್ಲೂ ಒಂದೇ ಥರ ಓಡಿಸುವ ಡಾಕರ್‌ನಲ್ಲಿ ಸರ್ವರ್, ಆ ಮೂರು ಪರೀಕ್ಷೆ ಪಿಎಚ್‌ಪಿ ಯುನಿಟ್ ಎಂಬ ಪರೀಕ್ಷಾ ಸಾಧನದಲ್ಲಿ, ಬದಲಾವಣೆಯ ಇತಿಹಾಸ ಗಿಟ್‌ನಲ್ಲಿ. ಕಂಪನಿಯಲ್ಲಿ ಅಲ್ಲಿಯವರೆಗೆ "ಫೈನಲ್_ಹೊಸದು_2" ಅನ್ನುವ ಜಿಪ್ ಫೈಲೇ ವರ್ಷನ್ ಕಂಟ್ರೋಲ್ ಆಗಿತ್ತು, ಹಾಗಾಗಿ ಗಿಟ್ ಕಲಿತದ್ದು ಆಗಲೇ. ಹೊಸ ಭಾಷೆ ಕಲಿಯುವ ಆಸೆಯನ್ನು ಬದಿಗಿಟ್ಟರು. ಅದು ಒಳ್ಳೆಯ ತೀರ್ಮಾನ: ಗೊತ್ತಿರುವ ಪಿಎಚ್‌ಪಿಯಲ್ಲಿ ಟ್ರಾನ್ಸಾಕ್ಷನ್ (ಪೂರ್ತಿ ಆಗಬೇಕು, ಇಲ್ಲವೇ ಏನೂ ಆಗಬಾರದು ಅನ್ನುವ ಬದಲಾವಣೆ) ಬಿಡಿಸಿ ಹೇಳಬಲ್ಲವರಿಗೆ ಭಾಷೆ ಬದಲಿಸುವುದು ಕೆಲವು ವಾರದ ಕೆಲಸ, ಹೊಸ ಭಾಷೆಯಲ್ಲಿ ಹಲೋ ವರ್ಲ್ಡ್ ಬರೆದವರಿಗೆ ಟ್ರಾನ್ಸಾಕ್ಷನ್ ಕಲಿಯುವುದು ಹಾಗಲ್ಲ.

ಇಂಗ್ಲಿಷಿನಲ್ಲಿ ಹೇಳುವುದು ಪ್ರತ್ಯೇಕ ಅಭ್ಯಾಸವಾಯಿತು. ಮೊದಲು ಇಡೀ ಕಥೆ ಕನ್ನಡದಲ್ಲಿ ಗೆಳೆಯರಿಗೆ ಹೇಳಿ, ಅವರು ಎಲ್ಲಿ "ಯಾಕ?" ಅಂದರೋ ಅಲ್ಲಿ ಒಂದು ವಾಕ್ಯ ಸೇರಿಸಿ, ಕೊನೆಗೆ ಅದನ್ನು ಎಂಟು ಸಣ್ಣ ಇಂಗ್ಲಿಷ್ ವಾಕ್ಯಕ್ಕೆ ಇಳಿಸಿದರು. ಕಾಟಾ, ಡಾಂಗಲ್, ಸರ್ವರ್ ಮೂರು ಚೌಕ, ನಡುವೆ ಬಾಣ. ಸರ್ವರಿನ ಉತ್ತರ ತರುವ ಬಾಣದ ಮೇಲೆ ಅಡ್ಡಗೀಟು. ನಾಲ್ಕು ನಿಮಿಷದ ಮಾತು. ಯುಯುಐಡಿಯನ್ನು ತಪ್ಪು ಜಾಗದಲ್ಲಿ ಹುಟ್ಟಿಸಿದ ಸಂಗತಿಯನ್ನು ಮುಚ್ಚಿಡಲಿಲ್ಲ, ಎರಡು ಕಡೆ ಸಂದರ್ಶಕರು ಹೆಚ್ಚು ಹೊತ್ತು ಮಾತಾಡಿದ್ದು ಅದರ ಬಗ್ಗೆಯೇ.

ಮುಂದಿನ ಐದು ಅರ್ಜಿಯಲ್ಲಿ ಎರಡಕ್ಕೆ ಉತ್ತರವೇ ಬರಲಿಲ್ಲ. ಒಂದರಲ್ಲಿ ರೆಪ್ಲಿಕಾ (ಡೇಟಾಬೇಸಿನ ನಕಲು ಸರ್ವರ್) ಇಟ್ಟಾಗ ಹಳೆಯ ಡೇಟಾ ಓದುವ ತೊಂದರೆ ಕೇಳಿದರು, ಒಂದೇ ಸರ್ವರ್ ಕಂಡವರಿಗೆ ಅದು ಬರಲಿಲ್ಲ. "ಗೊತ್ತಿಲ್ಲ" ಅಂದರು, ಆಯ್ಕೆಯಾಗಲಿಲ್ಲ. ಒಂದು ಕಡೆ ಸಂಬಳಕ್ಕೆ ಹೊಂದಿಕೆಯಾಗಲಿಲ್ಲ. ಐದನೆಯದು ಪುಣೆಯ ಪಾವತಿ ವ್ಯವಸ್ಥೆಯ ಕಂಪನಿ, ವಾರಕ್ಕೆ ಮೂರು ದಿನ ಮನೆಯಿಂದ ಕೆಲಸ, ಸೇರಿದರು. ನೋಟಿಸ್ ಅವಧಿ 60 ದಿನ, ಅದು ನೇರ ಹಂಗಾಮಿನ ಆರಂಭಕ್ಕೆ ಬೀಳುತ್ತಿತ್ತು. ಸೆಪ್ಟೆಂಬರ್ ಮೊದಲ ವಾರವೇ ರಾಜೀನಾಮೆ ಕೊಟ್ಟು ಅಕ್ಟೋಬರ್ ಕೊನೆಗೆ ಬಿಡುವಂತೆ ಮಾತಾಡಿಕೊಂಡದ್ದರಿಂದ ರಿಲೀವಿಂಗ್ ಪತ್ರಕ್ಕೆ ಅಲೆಯಬೇಕಾಗಲಿಲ್ಲ.

ಹಸ್ತಾಂತರದ ಹನ್ನೊಂದು ಪುಟದ ಬರಹದಲ್ಲಿ ರಾತ್ರಿಯ ಅಳಿಕೆಯ ಸ್ಕ್ರಿಪ್ಟ್ ಇಲ್ಲ, ಅದನ್ನು ತೆಗೆದುಹಾಕಿದ್ದರು. ಬಾಕಿ ಉಳಿದದ್ದು ಎರಡನೇ ಕಾಟಾದ ಕಂಪ್ಯೂಟರ್: ಮದರ್‌ಬೋರ್ಡಿನ ಗುಂಡಿ ಬ್ಯಾಟರಿ ಸತ್ತಿದೆ, ಕರೆಂಟ್ ಹೋಗಿ ಬಂದಾಗಲೆಲ್ಲ ದಿನಾಂಕ ಹಿಂದಕ್ಕೆ ಹೋಗುತ್ತದೆ. ಸರ್ವರ್ ತನಗೆ ಮುಟ್ಟಿದ ಸಮಯವನ್ನೂ ಬೇರೆ ಕಾಲಮ್ಮಿನಲ್ಲಿ ಬರೆದುಕೊಳ್ಳುವುದರಿಂದ ಬಿಲ್ಲು ತಪ್ಪುವುದಿಲ್ಲ, ಆದರೆ ರೈತನ ಕೈಯ ಚೀಟಿಯಲ್ಲಿ ಹಳೆಯ ತಾರೀಖು ಮುದ್ರಣವಾಗುತ್ತದೆ. ಬ್ಯಾಟರಿ ಸಿಆರ್2032, ಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ. ಹೊಸಬರ ಕೆಲಸದ ಪಟ್ಟಿಯಲ್ಲಿ ಮೊದಲನೆಯದು ಅದೇ.